ಸಾಲಿಯೊಳಗಿನ ಕಾಟ: ಗುರುತು, ಕಾರಣ, ಪರಿಹಾರ

ಭಾಲ್ಕಿ ತಾಲ್ಲೂಕಿನ ಹೋಬಳಿ ಕೇಂದ್ರ ಖಟಕ ಚಿಂಚೋಳಿಯ ಸುತ್ತ ಕನ್ನಡದ ಜೊತೆಗೆ ಮರಾಠಿ, ದಖನಿ ಉರ್ದು, ಲಂಬಾಣಿ ಮಾತುಗಳೂ ಕೇಳಿಬರುತ್ತವೆ. ಇಷ್ಟು ಬಗೆಯ ಮನೆಗಳಿಂದ ಬಂದ ಮಕ್ಕಳು ಒಂದೇ ತರಗತಿಯಲ್ಲಿ ಕೂರುವುದು ಬೀದರ್ ಜಿಲ್ಲೆಯ ಭಾಗ್ಯ. ಆದರೆ ಉಚ್ಚಾರ, ಬಣ್ಣ, ಜಾತಿ, ಅಪ್ಪನ ಕಸುಬು, ಹರಿದ ಚಪ್ಪಲಿ, ಇವುಗಳಲ್ಲಿ ಯಾವುದು ಬೇಕಾದರೂ ಒಂದು ಮಗುವನ್ನು ದಿನವೂ ಅಳಿಸುವ ನೆಪವಾಗಬಹುದು.

ಜಗಳವೂ ಕಾಟವೂ ಒಂದಲ್ಲ

ಸರಿಸಮಾನರಾದ ಇಬ್ಬರು ಹುಡುಗರು ಗೋಲಿಗಾಗಿ ಹೊಡೆದಾಡಿ ಸಂಜೆಗೆ ಒಂದಾದರೆ ಅದು ಜಗಳ. ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ನೋಯುವ ಮಗುವಿಗೆ ಎದುರು ನಿಲ್ಲುವ ಬಲವಿಲ್ಲದಿರುವುದು, ಈ ಮೂರೂ ಕೂಡಿದರೆ ಅದು ಕಾಟ. ಈ ವಿವರಣೆ ಕೊಟ್ಟವರು ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯಸ್. ನಾರ್ವೆಯಲ್ಲಿ ಸಹಪಾಠಿಗಳ ಕಾಟದ ಹಿನ್ನೆಲೆಯಲ್ಲಿ ಮೂವರು ಹುಡುಗರು ಜೀವ ಕಳೆದುಕೊಂಡ ಮೇಲೆ ಅಲ್ಲಿನ ಸರ್ಕಾರ 1983ರಲ್ಲಿ ನಡೆಸಿದ ದೇಶವ್ಯಾಪಿ ಅಭಿಯಾನದಲ್ಲಿ ಅವರ ಪಾತ್ರ ದೊಡ್ಡದು. ಯುನೆಸ್ಕೊದ 2019ರ ವರದಿಯ ಪ್ರಕಾರ, ಜಗತ್ತಿನ ಶಾಲಾಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಇಂಥ ಕಾಟ ಅನುಭವಿಸಿದ್ದರು.

ಕಣ್ಣಿಗೆ ಬೀಳುವ ಸುಳಿವುಗಳು

ಕಾಟ ನಡೆಯುವುದು ಮಾಸ್ತರರ ಎದುರಲ್ಲ. ಶೌಚಾಲಯದ ಹಿಂದೆ, ಬಸ್ಸಿನ ಹಿಂದಿನ ಸೀಟಿನಲ್ಲಿ, ಈಗೀಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಶೌಚಾಲಯಕ್ಕೆ ಹೋಗಲು ಹೆದರುವ ಮಗು ಬೆಳಗಿನಿಂದ ನೀರೇ ಕುಡಿಯದೆ, ತುಂಬಿದ ಬಾಟಲಿಯನ್ನು ಹಾಗೇ ಮನೆಗೆ ತರುತ್ತದೆ. ಅಂಗಿಯ ಗುಂಡಿ ಪದೇ ಪದೇ ಕಿತ್ತುಬಂದಿರುತ್ತದೆ. ಭಾನುವಾರ ರಾತ್ರಿ ಹೊಟ್ಟೆನೋವು, ‘ಯವ್ವಾ, ನಾ ಸಾಲಿಗಿ ಹೋಗಂಗಿಲ್ಲ’ ಎಂಬ ಹಟ.

ಶಿಕ್ಷಕರಿಗೆ ಬಿಸಿಯೂಟದ ಪಂಕ್ತಿಗಿಂತ ಒಳ್ಳೆಯ ಕನ್ನಡಿ ಇಲ್ಲ.  ಯಾರ ಪಕ್ಕದ ಜಾಗ ದಿನವೂ ಖಾಲಿ ಉಳಿಯುತ್ತದೆ, ಯಾರನ್ನು ಕಂಡರೆ ಉಳಿದವರು ತಟ್ಟೆ ಎತ್ತಿಕೊಂಡು ಸರಿಯುತ್ತಾರೆ ಎಂದು ಒಂದು ವಾರ ಗಮನಿಸಿದರೆ ಸಾಕು, ತರಗತಿಯ ಒಳಗುಟ್ಟು ತಿಳಿಯುತ್ತದೆ. ಜಾತಿಯ ಕಾರಣಕ್ಕೆ ಹಾಗೆ ದೂರವಿಡುವುದನ್ನು ಮಕ್ಕಳಾಟವೆಂದು ಬಿಡುವುದು ಅಕ್ಷಮ್ಯ.

ನೋಡುತ್ತ ನಿಂತವರು

ಕಾಟ ಕೊಡುವವನಿಗೆ ಬೇಕಾದದ್ದು ನಗುವ ಗುಂಪು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ಕಾಟ ತಡೆಯಲು ರೂಪಿಸಿದ ‘ಕಿವಾ’ ಕಾರ್ಯಕ್ರಮ ಈ ಗುಂಪಿನ ಮೇಲೆಯೇ ಗಮನವಿಟ್ಟಿತು. ನೋಡುತ್ತ ನಿಂತವರು ನಗುವುದನ್ನು ಬಿಟ್ಟು ನೊಂದ ಗೆಳೆಯನ ಪಕ್ಕ ನಿಂತರೆ ಆಟ ಕೆಡುತ್ತದೆ. ನಮ್ಮ ಶಾಲೆಗಳಲ್ಲಿ ಮಕ್ಕಳದೇ ಆದ ಮೀನಾ ತಂಡ, ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಮನೆಯವರು ಏನು ಮಾಡಬೇಕು

‘ಅವ ಹೊಡದ್ರ ನೀನೂ ಎರಡು ಹೊಡಿ’ ಎನ್ನುವುದು ಸುಲಭ. ಹೊಡೆಯುವ ಬಲವಿದ್ದರೆ ಮಗು ಅಳುತ್ತ ಬರುತ್ತಿರಲಿಲ್ಲ. ಮೊದಲು ಪೂರ್ತಿ ಕೇಳಿ. ಯಾವ ದಿನ, ಎಲ್ಲಿ, ಯಾರು ಎಂಬುದನ್ನು ಬರೆದಿಡಿ. ಮೊಬೈಲಿನ ಸಂದೇಶಗಳನ್ನು ಅಳಿಸಬೇಡಿ. ಕಾಟ ಕೊಟ್ಟ ಹುಡುಗನ ಮನೆಗೆ ಜಗಳಕ್ಕೆ ಹೋಗದೆ ಮುಖ್ಯ ಶಿಕ್ಷಕರನ್ನು ಕಾಣಿ; ಕೆಲಸವಾಗದಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಮುಂದೆ ಲಿಖಿತವಾಗಿ ಇಡಿ.

ಶಾಲೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ‘ಕೈ ಕುಲುಕಿ’ ಎಂದರೆ ಹೆದರಿದ ಮಗು ಇನ್ನಷ್ಟು ಹೆದರುತ್ತದೆ. ಬೇರೆ ಬೇರೆಯಾಗಿ ಮಾತಾಡಿಸಬೇಕು. ಕಾಟ ಕೊಟ್ಟವನಿಗೆ ಬೆತ್ತದ ಏಟೂ ಮದ್ದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಅಲ್ಲದೆ, ಕಾಟ ಕೊಟ್ಟವನೂ ಮನೆಯಲ್ಲಿ ಏಟು ತಿನ್ನುತ್ತಿರಬಹುದು.

ಸಹಾಯಕ್ಕೆ

ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಉಚಿತ. ಮಗುವೇ ಕರೆ ಮಾಡಬಹುದು. ಮಗು ಮಂಕಾಗಿದ್ದರೆ, ಸಾಯುವ ಮಾತಾಡಿದರೆ ತಡಮಾಡದೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತಾಡಬಹುದು. ಈ ಎರಡು ಸಂಖ್ಯೆಗಳನ್ನು ನಿಮ್ಮ ಊರಿನ ಸಾಲಿಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.