ಡಿಸ್ಕೊ ದೀವಾನೆ ಯಾವ ದೇಶದ್ದು?

ಒಂದು ಪ್ರಶ್ನೆ ಕೇಳ್ತೀನಿ. ಹಾಡಿದ ಹುಡುಗಿ ಪಾಕಿಸ್ತಾನದವಳು, ಬೆಳೆದದ್ದು ಕರಾಚಿ ಮತ್ತು ಲಂಡನ್‌ನಲ್ಲಿ. ಸಂಗೀತ ಕೊಟ್ಟವರು ಬೆಂಗಳೂರಲ್ಲಿ ಹುಟ್ಟಿದ ಕೊಡವರು. ಭಾರತದಲ್ಲಿ ಅದನ್ನು ಮಾರಿದ್ದು ನಾಯಿ ಗುರುತಿನ ಎಚ್‌ಎಂವಿ. ಹಾಗಾದರೆ 1981ರಲ್ಲಿ ಬಂದ ‘ಡಿಸ್ಕೊ ದೀವಾನೆ’ ಆಲ್ಬಂ ಯಾವ ದೇಶದ್ದು?

ಇವತ್ತಾದರೆ ಇದೇ ವಿಷಯ ಇಟ್ಟುಕೊಂಡು ರಾತ್ರಿ ಒಂಬತ್ತಕ್ಕೆ ಡಿಬೇಟ್ ಮಾಡಬಹುದು. ಪರದೆ ಮೇಲೆ ಆರು ಕಿಟಕಿ, ಆರು ಜನ, ಒಬ್ಬರ ಮಾತೂ ಕೇಳಿಸಲ್ಲ. ಆ ವರ್ಷ ಕೊಂಡವರು ಪಾಸ್‌ಪೋರ್ಟ್ ನೋಡಲಿಲ್ಲ. ಎಪ್ಪತ್ತೊಂದರ ಯುದ್ಧ ಮುಗಿದು ಹತ್ತೇ ವರ್ಷ ಆಗಿತ್ತು ಅನ್ನೋದು ನೆನಪಿರಲಿ.

ಮೊದಲು ನಮ್ಮವರ ವಿಷಯ. ಬಿದ್ದು ಅಪ್ಪಯ್ಯ. ಹೆಸರು ‘ಬಿದ್ದು’ ಆದರೂ ಮನುಷ್ಯ ಎದ್ದು ನಿಂತಿದ್ದು ಲಂಡನ್‌ನಲ್ಲಿ! ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯ ಹುಡುಗ, ಗಿಟಾರ್ ಹಿಡಿದು ಅರವತ್ತರ ದಶಕದ ಕೊನೆಯ ಹೊತ್ತಿಗೆ ಇಂಗ್ಲೆಂಡ್ ಸೇರಿದರು. 1974ರಲ್ಲಿ ಅವರು ನಿರ್ಮಿಸಿದ, ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ನಂಬರ್ ಒನ್ ಆಯಿತು. ಜಗತ್ತಿಗೆ ಡಿಸ್ಕೊ ಹುಚ್ಚು ಹಿಡಿಸಿದವರಲ್ಲಿ ಒಬ್ಬ ಬೆಂಗಳೂರಿಗ ಇದ್ದಾರೆ ಅಂತ ನಮ್ಮ ಎಷ್ಟು ಜನಕ್ಕೆ ಗೊತ್ತು, ಹೇಳಿ.

ನಟ-ನಿರ್ಮಾಪಕ ಫಿರೋಜ್ ಖಾನ್ ಲಂಡನ್‌ನ ಒಂದು ಪಾರ್ಟಿಯಲ್ಲಿ ನಾಜಿಯಾ ಹಸನ್ ಎಂಬ ಶಾಲಾ ಹುಡುಗಿಯನ್ನು ಕಂಡು, ಆಕೆಯನ್ನು ಬಿದ್ದು ಅವರ ಬಳಿಗೆ ಕಳಿಸಿದರು. ಆಗ ಹುಟ್ಟಿದ್ದೇ 1980ರ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’. ಪರದೆ ಮೇಲೆ ಜೀನತ್ ಅಮಾನ್, ಹಿಂದೆ ಹದಿಹರೆಯದ ಈ ದನಿ. ಫಿಲಂಫೇರ್‌ನ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿಯೂ ಬಂತು. ಲತಾ, ಆಶಾ ಆಳುತ್ತಿದ್ದ ಕಾಲದಲ್ಲಿ!

ನಾನು ಇಂಜಿನಿಯರಿಂಗ್ ಓದಿದವನಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆಗ ಬಾಂಬೆಯಲ್ಲಿ ಸಿನಿಮಾ ಹಾಡು ಅಂದರೆ ಬಹುಮಟ್ಟಿಗೆ ಇಡೀ ವಾದ್ಯವೃಂದ, ಗಾಯಕರು ಒಟ್ಟಿಗೇ ಕೂತು ಧ್ವನಿಮುದ್ರಣ ಮಾಡೋದು. ಪಿಟೀಲಿನವರೊಬ್ಬರು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿಂದ. ಬಿದ್ದು ಲಂಡನ್‌ನಲ್ಲಿ ಬಳಸಿದ್ದು 24 ಟ್ರ್ಯಾಕ್‌ಗಳ ಟೇಪ್. ಡ್ರಮ್ ಒಂದು ಕಡೆ, ಬೇಸ್ ಗಿಟಾರ್ ಇನ್ನೊಂದು ಕಡೆ, ದನಿ ಮತ್ತೊಂದು ಕಡೆ. ಬೇಕಾದ್ದನ್ನು ಏರಿಸಿ, ಬೇಡದ್ದನ್ನು ಇಳಿಸಿ ಕೊನೆಗೆ ಒಂದು ಮಾಡೋದು. ನಾಜಿಯಾಳ ದನಿ ತೆಳು. ಒಂದೇ ಸಾಲನ್ನು ಎರಡು ಸಲ ಹಾಡಿಸಿ, ಒಂದರ ಮೇಲೊಂದು ಕೂರಿಸಿದರು. ಎರಡು ಸಲ ಹಾಡಿದ್ದು ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತಲ್ಲ, ಆ ವ್ಯತ್ಯಾಸವೇ ತೆಳು ದನಿಗೆ ಮೈ ಕೊಟ್ಟಿತು. ಶಾಸ್ತ್ರೀಯ ಕಿವಿಗೆ ದೋಷ ಅನ್ನಿಸುವಂಥದ್ದನ್ನೇ ಗುರುತಾಗಿ ಮಾಡಿಬಿಟ್ಟರು. ಬಿದ್ದು ಅವರ ನಿಜವಾದ ಜಾಣತನ ಇಲ್ಲಿದೆ.

ಮರುವರ್ಷ ‘ಡಿಸ್ಕೊ ದೀವಾನೆ’ ಬಂತು, ತಮ್ಮ ಜೊಹೇಬ್ ಹಸನ್ ಜೊತೆ. ಸಿನಿಮಾ ಇಲ್ಲ, ನಾಯಕ ಇಲ್ಲ, ಪೋಸ್ಟರ್ ಇಲ್ಲ. ಖಾಸಗಿ ಚಾನೆಲ್ ಅಂತೂ ಇಲ್ಲವೇ ಇಲ್ಲ. ದೂರದರ್ಶನಕ್ಕೆ ಬಣ್ಣ ಬಂದದ್ದೇ ಮರುವರ್ಷ. ಆದರೂ ತಟ್ಟೆ, ಕ್ಯಾಸೆಟ್ ಎರಡೂ ಎರಡು ದೇಶಗಳಲ್ಲೂ ಬಿಸಿದೋಸೆ ಹಾಗೆ ಹೋದವು. ಸಿನಿಮಾದ ಹಂಗಿಲ್ಲದ ಹಾಡಿಗೆ ಮಾರುಕಟ್ಟೆ ಇದೆ ಅಂತ ಹಿಂದಿಯವರಿಗೆ ಆಗ ಗೊತ್ತಾಯಿತು. (ನಾವು ಕನ್ನಡಿಗರು 1978ರಲ್ಲೇ ‘ನಿತ್ಯೋತ್ಸವ’ ಕ್ಯಾಸೆಟ್ ಕೇಳುತ್ತಿದ್ದೆವು ಸ್ವಾಮಿ. ಅದು ಡಿಸ್ಕೊ ಅಲ್ಲ, ಒಪ್ಪುತ್ತೇನೆ.)

ಪಾಕಿಸ್ತಾನದಲ್ಲಿ ಆಗ ಜಿಯಾ ಉಲ್ ಹಕ್ ಅವರ ಸೇನಾ ಆಡಳಿತ. ಹೆಣ್ಣುಮಗಳು ಏನು ಉಡಬೇಕು, ಹೇಗೆ ನಿಲ್ಲಬೇಕು ಅಂತ ಸರ್ಕಾರ ಹೇಳುತ್ತಿದ್ದ ದಿನಗಳವು. ಅಂಥಲ್ಲಿ ಒಬ್ಬ ಹುಡುಗಿ ಡಿಸ್ಕೊ ಹಾಡಿ ಮನೆಮಾತಾದಳು. ಆಮೇಲೆ ‘ಬೂಮ್ ಬೂಮ್’, ‘ಯಂಗ್ ತರಂಗ್’, ‘ಹಾಟ್‌ಲೈನ್’, 1992ರಲ್ಲಿ ‘ಕ್ಯಾಮೆರಾ ಕ್ಯಾಮೆರಾ’ ಬಂದವು. ನಡುವೆ ಆಕೆ ಕಾನೂನು ಓದಿದರು, ಹಾಡಿನಿಂದ ನಿಧಾನಕ್ಕೆ ದೂರವಾದರು.

ಈಗ ನನ್ನನ್ನು ಕಾಡುವ ಭಾಗ. ಬಿದ್ದು ಇನ್ನೊಂದು ಹಾಡು ಮಾಡಿಕೊಂಡು ಮೊದಲು ಹೋಗಿದ್ದು ನಾಜಿಯಾ ಹತ್ತಿರ. ಹಾಡು ‘ಮೇಡ್ ಇನ್ ಇಂಡಿಯಾ’. ಆಕೆ ಬೇಡ ಅಂದರು. ತನ್ನ ದೇಶದ ಜನರ ಮನಸ್ಸಿಗೆ ನೋವಾಗಬಹುದು ಎಂಬ ಅಳುಕು. ಕೊನೆಗೆ ಅಲಿಶಾ ಚಿನಾಯ್ ಹಾಡಿದರು, 1995ರಲ್ಲಿ ಅದು ದೇಶ ತುಂಬಾ ಗುಂಯ್‌ಗುಟ್ಟಿತು. 1981ರಲ್ಲಿ ಕೇಳುಗರು ಕೇಳದೇ ಬಿಟ್ಟ ಪ್ರಶ್ನೆಯನ್ನು ಗಾಯಕಿಯೇ ತನಗೆ ಕೇಳಿಕೊಳ್ಳಬೇಕಾಯಿತು. ಆಕೆಯನ್ನು ದೂರಲಾರೆ. ಅದೇ ಹೆಸರಿನ ಹಾಡು ಪಾಕಿಸ್ತಾನದ ಹೆಸರಲ್ಲಿ ಇದ್ದು, ನಮ್ಮ ಗಾಯಕಿಯೊಬ್ಬರು ಹಾಡಿದ್ದರೆ ನಾವು ಬಿಡುತ್ತಿದ್ದೆವಾ?

2000ದ ಆಗಸ್ಟ್ 13ರಂದು ಲಂಡನ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ನಾಜಿಯಾರನ್ನು ಕೊಂಡೊಯ್ದಿತು. ವಯಸ್ಸು 35. ಹನ್ನೆರಡು ವರ್ಷದ ನಂತರ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರದಲ್ಲಿ ಆಲಿಯಾ ಭಟ್ ಕುಣಿದಾಗ ಆ ಹಳೇ ದನಿ ಮತ್ತೆ ಕೇಳಿಸಿತು. ಅದಾಗಿ ನಾಲ್ಕು ವರ್ಷಕ್ಕೆ ಉರಿ, ಆಮೇಲೆ ಪುಲ್ವಾಮಾ. ಚಿತ್ರೋದ್ಯಮದ ಸಂಘಗಳು ಪಾಕಿಸ್ತಾನದ ಕಲಾವಿದರಿಗೆ ಬಾಗಿಲು ಹಾಕಿದವು.

ಯೋಧರ ಶವಪೆಟ್ಟಿಗೆ ಊರಿಗೆ ಬಂದ ದಿನ ಆಚೆಯವರ ಹಾಡು ಬೇಕಾ ಅಂತ ಒಬ್ಬ ತಂದೆ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ, ಇರಲೂಬಾರದು. ಆದರೆ ಪಟ್ಟಿ ಹಿಡಿದು ಹೆಸರು ಹೊಡೆದು ಹಾಕುವವರಿಗೆ ‘ಡಿಸ್ಕೊ ದೀವಾನೆ’ಯ ಕವರ್ ಒಂದು ಸಲ ಕೊಡಬೇಕು. ನಾಜಿಯಾ ಹೆಸರಿನ ಮೇಲೆ ಗೀಟು ಎಳೆದರೆ ಅದೇ ಗೀಟಿನಲ್ಲಿ ಬೆಂಗಳೂರಿನ ಬಿದ್ದು ಅಪ್ಪಯ್ಯನವರ ಕೆಲಸವೂ ಹೋಗುತ್ತೆ.