ಹಿಂಬದಿಯ ಭಾರ: ಪೋರ್ಷೆ 911ರ ಮೊದಲ ಹಾಗೂ ಇತ್ತೀಚಿನ ಮಾದರಿಗಳ ತೌಲನಿಕ ಅಧ್ಯಯನ

ಹಳೆಯ ಸ್ಪೋರ್ಟ್ಸ್ ಕಾರನ್ನು ಹೊಸದರೊಡನೆ ಹೋಲಿಸುವ ಬರಹಗಳು ಬಹುಪಾಲು ವೇಗ ಮತ್ತು ಅಶ್ವಶಕ್ತಿಗಳ ಪಟ್ಟಿಯಲ್ಲಿಯೇ ಮುಗಿಯುತ್ತವೆ. ವಿನ್ಯಾಸದಲ್ಲಿಯೇ ಅಡಗಿರುವ ಒಂದು ತೊಡಕನ್ನು ಎರಡು ಕಾಲಗಳು ಹೇಗೆ ನಿಭಾಯಿಸಿದವು ಎಂದು ನೋಡುವುದು ಅದಕ್ಕಿಂತ ಫಲಕಾರಿಯಾದ ಮಾರ್ಗ. ಅದಕ್ಕೆ ಜರ್ಮನಿಯ ಪೋರ್ಷೆ 911 ತಕ್ಕ ನಿದರ್ಶನ. 1963ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ 901 ಎಂಬ ಹೆಸರಿನಿಂದ ಕಾಣಿಸಿಕೊಂಡು, ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳು ತನ್ನವೆಂದ ಪ್ಯೂಜೋ ಕಂಪನಿಯ ತಕರಾರಿನಿಂದ 911 ಆದ ಈ ಕಾರಿನ ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದಕ್ಕೆ ಕುಳಿತಿತ್ತು. ಕೆಲವು ರೇಸ್ ಮಾದರಿಗಳನ್ನು ಬಿಟ್ಟರೆ ಇಂದಿಗೂ ಅಲ್ಲಿಯೇ ಇದೆ.

ಅಂಕಿಗಳ ಅಂತರವೇನೂ ಸಣ್ಣದಲ್ಲ. 1964ರ ಕಾರು 1991 ಸಿಸಿ ಎಂಜಿನ್ನಿನಿಂದ 130 ಅಶ್ವಶಕ್ತಿ ಪಡೆದು ಸುಮಾರು 1080 ಕಿ.ಗ್ರಾಂ. ತೂಗುತ್ತಿದ್ದರೆ, 2018ರಲ್ಲಿ ಹೊರಬಂದ 992 ಪೀಳಿಗೆಯ ಆರಂಭದ ಕ್ಯಾರೆರಾ ಎರಡು ಟರ್ಬೊಗಳ ನೆರವಿನಿಂದ 385 ಅಶ್ವಶಕ್ತಿ ಪಡೆದು ಸುಮಾರು 1505 ಕಿ.ಗ್ರಾಂ. ತೂಗುತ್ತದೆ. ಅಂದರೆ ಒಂದು ಅಶ್ವಶಕ್ತಿಯ ಪಾಲಿಗೆ ಬೀಳುವ ಭಾರ 8.3 ಕಿಲೋದಿಂದ 3.9 ಕಿಲೋಗೆ ಇಳಿದಿದೆ.

ತೊಡಕು ಇರುವುದು ತಿರುವಿನಲ್ಲಿ. ತಿರುವಿನ ನಡುವೆ ಚಾಲಕ ಗಾಬರಿಯಿಂದ ಆಕ್ಸಿಲರೇಟರ್ ಮೇಲಿನ ಕಾಲೆತ್ತಿದರೆ ಕಾರಿನ ಭಾರ ಮುಂದಕ್ಕೆ ವಾಲಿ, ಹಿಂದಿನ ಟೈರುಗಳ ಹಿಡಿತ ಸಡಿಲಗೊಂಡು, ಎಂಜಿನ್ನಿನ ತೂಕ ಕಾರಿನ ಹಿಂಭಾಗವನ್ನು ಹೊರಕ್ಕೆ ಬೀಸುತ್ತದೆ. ಇದಕ್ಕೆ ಓವರ್‌ಸ್ಟಿಯರ್ ಎಂದು ಹೆಸರು. ನಾಲ್ಕೂ ಗಾಲಿಗಳಿಗೆ 165 ಮಿ.ಮೀ. ಅಗಲದ ಟೈರುಗಳಿದ್ದ ಮೊದಲ ಮಾದರಿಯಲ್ಲಿ ಇದು ಎಷ್ಟು ಕಾಡಿತೆಂದರೆ, ಕಾರ್ಖಾನೆಯೇ ಮುಂಬದಿಯ ಬಂಪರಿನ ಎರಡು ಮೂಲೆಗಳೊಳಗೆ ತಲಾ ಸುಮಾರು 11 ಕಿಲೋ ತೂಕದ ಎರಕದ ಕಬ್ಬಿಣದ ಗಟ್ಟಿಗಳನ್ನು ಕೂರಿಸಿತು. 1968ರಲ್ಲಿ ಎಂಜಿನ್ನನ್ನು ಕದಲಿಸದೆ ಹಿಂದಿನ ಗಾಲಿಗಳನ್ನಷ್ಟೇ 57 ಮಿ.ಮೀ. ಹಿಂದಕ್ಕೆ ಸರಿಸಲಾಯಿತು. ಹಳೆಯ 911 ಚಾಲಕನ ಕೌಶಲವನ್ನೇ ನಂಬಿದ 'ಶುದ್ಧ' ಯಂತ್ರವೆಂಬ ಅಭಿಮಾನಿಗಳ ಹೊಗಳಿಕೆ ಈ ಗಟ್ಟಿಗಳ ಮುಂದೆ ನಿಲ್ಲುವುದು ಕಷ್ಟ.

ಮುಂದಿನ ಪರಿಹಾರಗಳು ಕಬ್ಬಿಣದಿಂದ ಜ್ಯಾಮಿತಿಗೆ, ಅಲ್ಲಿಂದ ಎಲೆಕ್ಟ್ರಾನಿಕ್ಸಿಗೆ ಸಾಗಿದವು. 964 ಪೀಳಿಗೆಯಲ್ಲಿ ಬ್ರೇಕ್ ಹಾಕಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಬಂದರೆ, 993ರಲ್ಲಿ ಹಿಂದಿನ ಗಾಲಿಯನ್ನು ಹಲವು ತೋಳುಗಳಿಂದ ಹಿಡಿದಿಡುವ ಮಲ್ಟಿಲಿಂಕ್ ಸಸ್ಪೆನ್ಷನ್ ಬಂದಿತು. 992 ಕ್ಯಾರೆರಾದಲ್ಲಿ ಮುಂದಿನ ಟೈರು 235 ಮಿ.ಮೀ., ಹಿಂದಿನದು 295 ಮಿ.ಮೀ. ಅಗಲವಿದೆ, ಮುಂದಿನ ಗಾಲಿಗಳ ಮೇಲ್ಗವಸಿನೊಳಗಿನ ಧ್ವನಿ ಸಂವೇದಕಗಳು ಟೈರು ಚಿಮ್ಮಿಸುವ ನೀರಿನ ಸದ್ದಿನಿಂದಲೇ ರಸ್ತೆ ತೇವವಾಗಿದೆಯೆಂದು ಅರಿತು ಎಚ್ಚರಿಸುತ್ತವೆ. ಆಗಲೂ ತೇವದ ರಸ್ತೆಗೆಂದೇ ಇರುವ ವೆಟ್ ಮೋಡ್‌ಗೆ ಕಾರನ್ನು ಬದಲಿಸಬೇಕಾದವನು ಚಾಲಕನೇ ಎಂಬುದು ಗಮನಾರ್ಹ.

ಹೀಗಾಗಿ ಎರಡರ ನಡುವಿನ ವ್ಯತ್ಯಾಸವನ್ನು ತಿದ್ದುಪಡಿ ಎಲ್ಲಿ ನೆಲೆಸಿದೆ ಎಂಬುದರಿಂದ ಅಳೆಯುವುದು ಸೂಕ್ತ, ಮತ್ತು ಇದು ಸಂರಕ್ಷಣೆಗೂ ಸಂಬಂಧಿಸಿದ ಪ್ರಶ್ನೆ. ಬಂಪರಿನ ಗಟ್ಟಿ ಕಳೆದುಹೋದರೆ ತೂಕ ನೋಡಿ ಇನ್ನೊಂದನ್ನು ಎರಕ ಹೊಯ್ಯಬಹುದು. 992ರ ನಿಯಂತ್ರಣ ಘಟಕ ಕೆಟ್ಟರೆ, ಅದರೊಳಗಿನ ತಂತ್ರಾಂಶವನ್ನು ತಯಾರಕರು ಉಳಿಸಿಕೊಂಡಿರುವವರೆಗೆ ಮಾತ್ರ ದುರಸ್ತಿ ಸಾಧ್ಯ.