ಫಲಿತಾಂಶಕ್ಕೆ ತಕ್ಕ ಸಹಾಯಧನ: ಓದುಬರಹದ ಒಂದು ಪರೀಕ್ಷೆಯ ಚರಿತ್ರೆ

ದೇವಾಲಯ ಎದ್ದ ಕಡೆಯಲ್ಲೆಲ್ಲ ಅದರ ಮಗ್ಗುಲಲ್ಲಿ ಒಂದು ಶಾಲೆಯೂ ಏಳುವುದು ನಮ್ಮ ಧರ್ಮಸಭೆಯ ಹಳೆಯ ವಾಡಿಕೆ. ಶತಮಾನೋತ್ಸವದ ಈ ಸಂದರ್ಭದಲ್ಲಿ ನಮ್ಮ ಮನಸ್ಸು ಸಹಜವಾಗಿಯೇ ಆ ಶಾಲೆಗಳ ಕಡೆಗೂ ಹರಿಯುತ್ತದೆ. ಮಕ್ಕಳಿಗೆ ಓದುಬರಹ ಕಲಿಸುವುದೂ ಅವರನ್ನು ಓದುಬರಹದ ಪರೀಕ್ಷೆಗೆ ಸಿದ್ಧಪಡಿಸುವುದೂ ಒಂದೇ ಆಗಿದೆಯೇ? ಇಂದಿನ ತಂದೆತಾಯಿಗಳನ್ನು ಕಾಡುವ ಈ ಪ್ರಶ್ನೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡು ಸುಮಾರು ಮೂವತ್ತು ವರ್ಷ ಬೆಲೆ ತೆತ್ತು ಇದಕ್ಕೆ ಉತ್ತರ ಕಂಡುಕೊಂಡಿತು. ಆ ಬೆಲೆಯಲ್ಲಿ ಕಥೋಲಿಕ ಬಡಮಕ್ಕಳ ಪಾಲೂ ಇದ್ದಿತು.

ಐರ್ಲೆಂಡಿನ ಭೀಕರ ಕ್ಷಾಮದಿಂದ ತಪ್ಪಿಸಿಕೊಂಡು ಲಿವರ್‌ಪೂಲ್, ಮ್ಯಾಂಚೆಸ್ಟರ್, ಲಂಡನ್ ನಗರಗಳ ಕೊಳೆಗೇರಿಗಳನ್ನು ಸೇರಿದ ಕುಟುಂಬಗಳಲ್ಲಿ ಬಹುಪಾಲು ನಮ್ಮ ವಿಶ್ವಾಸದವರೇ. ಅವರ ಮಕ್ಕಳ ಶಾಲೆಗಳನ್ನು ನಡೆಸುವ ಹೊರೆ ಗುರುಗಳ ಮೇಲೂ ಕನ್ಯಾಸ್ತ್ರೀಯರ ಮೇಲೂ ಬಿದ್ದಿತು. 1847ರಿಂದ ಕಥೋಲಿಕ ಶಾಲೆಗಳಿಗೂ ಸರ್ಕಾರದ ಸಹಾಯಧನ ದೊರೆಯತೊಡಗಿತು. ಭಕ್ತರ ಕಾಣಿಕೆ, ಮಕ್ಕಳು ತರುವ ಅಲ್ಪ ಶುಲ್ಕ ಮತ್ತು ಈ ಧನ, ಇವು ಮೂರೇ ಆ ಶಾಲೆಗಳಿಗೆ ಆಧಾರ.

ಸರ್ಕಾರದ ಖರ್ಚು ವರ್ಷದಿಂದ ವರ್ಷಕ್ಕೆ ಏರಿದಾಗ, ಕೊಟ್ಟ ಹಣಕ್ಕೆ ತಕ್ಕ ವಿದ್ಯೆ ಸಿಗುತ್ತಿದೆಯೇ ಎಂಬ ಸಂದೇಹ ಹುಟ್ಟಿತು. ನ್ಯೂಕ್ಯಾಸಲ್ ಆಯೋಗವು 1861ರಲ್ಲಿ ಸಲ್ಲಿಸಿದ ವರದಿಯು ಎಳೆಯ ಮಕ್ಕಳಿಗೆ ಓದುಬರಹ ಸರಿಯಾಗಿ ಬರುತ್ತಿಲ್ಲವೆಂದು ದೂರಿತು. ಶಿಕ್ಷಣ ಇಲಾಖೆಯ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಎಂಬವರು 1862ರಲ್ಲಿ ಪರಿಷ್ಕೃತ ಸಂಹಿತೆಯನ್ನು ಜಾರಿಗೆ ತಂದರು. ಅದರ ತಿರುಳು ‘ಫಲಿತಾಂಶಕ್ಕೆ ತಕ್ಕ ಧನ’ ಎಂಬುದೇ ಆಗಿದ್ದಿತು.

ಅದರ ಲೆಕ್ಕ ಹೀಗಿದ್ದಿತು. ಸರಾಸರಿ ಹಾಜರಿಯ ಪ್ರಕಾರ ತಲೆಗೆ 4 ಷಿಲಿಂಗ್. ಇದಲ್ಲದೆ, ಆರು ವರ್ಷ ದಾಟಿ, ಬೆಳಗಿನ ಮತ್ತು ಮಧ್ಯಾಹ್ನದ ಪಾಠಗಳಲ್ಲಿ 200ಕ್ಕಿಂತ ಹೆಚ್ಚು ಹಾಜರಿ ಇದ್ದ ಪ್ರತಿಯೊಂದು ಮಗುವಿಗೆ 8 ಷಿಲಿಂಗ್. ಆದರೆ ಇನ್‌ಸ್ಪೆಕ್ಟರರ ಮುಂದೆ ಆ ಮಗು ಓದು, ಬರಹ, ಲೆಕ್ಕ ಈ ಮೂರರಲ್ಲಿ ಒಂದರಲ್ಲಿ ತಪ್ಪಿದರೆ 2 ಷಿಲಿಂಗ್ 8 ಪೆನ್ಸ್ ಕಡಿತ. ಮೂರರಲ್ಲೂ ತಪ್ಪಿದರೆ ಎಂಟೂ ಹೋಯಿತು. ಮಟ್ಟಗಳು ಆರು. ಮೊದಲನೆಯದರಲ್ಲಿ ಒಂದೇ ಉಚ್ಚಾರಾಂಶದ ಪದಗಳಿಂದಾದ ಪುಟ್ಟ ಕಥೆಯನ್ನು ಓದಿ, ಹೇಳಿದ ಅಕ್ಷರಗಳನ್ನು ಸ್ಲೇಟಿನ ಮೇಲೆ ಬರೆಯಬೇಕು. ಮೂರನೆಯದರಲ್ಲಿ ಪಾಠದ ಒಂದು ವಾಕ್ಯವನ್ನು ಉಕ್ತಲೇಖನವಾಗಿ ಬರೆಯಬೇಕು. ಆರನೆಯದರಲ್ಲಿ ವೃತ್ತಪತ್ರಿಕೆಯ ಒಂದು ಭಾಗವನ್ನು ಓದಿ, ಇನ್ನೊಂದನ್ನು ಕೇಳಿ ಬರೆಯಬೇಕು. ಒಮ್ಮೆ ಒಂದು ಮಟ್ಟಕ್ಕೆ ಕುಳಿತ ಮಗುವನ್ನು ಮತ್ತೆ ಅದೇ ಮಟ್ಟಕ್ಕೆ ಕೂರಿಸುವಂತಿರಲಿಲ್ಲ.

ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಜಾಣರನ್ನು ಮಾತ್ರ ಮುಂದೆ ಕೂರಿಸಿ ದಡ್ಡರೆನಿಸಿದವರನ್ನು ಹಿಂದೆ ಬಿಡುವ ಪರಿಪಾಠಕ್ಕೆ ತಡೆ ಹಾಕುವುದೂ ಅದರ ಉದ್ದೇಶವಾಗಿದ್ದಿತು. ಆ ಉದ್ದೇಶವನ್ನು ನಾವು ಹಳಿಯಲಾರೆವು. ಆದರೆ ನಡೆದುದೇ ಬೇರೆ. ಹಿಂದೆ ಸರ್ಕಾರವು ಉಪಾಧ್ಯಾಯರಿಗೆ ನೇರವಾಗಿ ಸಲ್ಲಿಸುತ್ತಿದ್ದ ಹಣ ಈಗ ಶಾಲಾ ವ್ಯವಸ್ಥಾಪಕರ ಕೈಗೆ, ಅದೂ ಪರೀಕ್ಷೆಯ ಫಲವನ್ನು ನೋಡಿ, ಬರತೊಡಗಿತು. ಮಗುವಿನ ಒಂದು ತಪ್ಪು ಉಪಾಧ್ಯಾಯನ ಮನೆಯ ರೊಟ್ಟಿಯನ್ನು ಕಡಿಮೆ ಮಾಡಬಲ್ಲುದಾಗಿದ್ದಿತು. 1861ರಲ್ಲಿ 8 ಲಕ್ಷ 13 ಸಾವಿರ ಪೌಂಡಿನಷ್ಟಿದ್ದ ಸಹಾಯಧನ 1865ರಲ್ಲಿ 6 ಲಕ್ಷ 37 ಸಾವಿರಕ್ಕೆ ಇಳಿಯಿತು. ಹಣ ಉಳಿಯಿತು, ವಿದ್ಯೆ ಉಳಿಯಿತೇ?

ಕವಿಯೂ ವಿಮರ್ಶಕರೂ ಆಗಿದ್ದ ಮ್ಯಾಥ್ಯೂ ಆರ್ನಲ್ಡ್ 1851ರಿಂದ 1886ರವರೆಗೆ ಶಾಲಾ ಇನ್‌ಸ್ಪೆಕ್ಟರರಾಗಿದ್ದರು. ಓದಲು, ಬರೆಯಲು, ಎಣಿಸಲು ನಿಜವಾಗಿ ಬಾರದ ಮಗುವನ್ನೂ ಈ ಪರೀಕ್ಷೆಯಲ್ಲಿ ತೇರ್ಗಡೆ ಮಾಡಿಸಬಹುದೆಂದು ಅವರು ತಮ್ಮ ವರದಿಯಲ್ಲಿ ಎಚ್ಚರಿಸಿದರು. ಕಾರಣ ಸರಳ. ಪರೀಕ್ಷೆಗೆ ಬರುವುದು ವರ್ಷವಿಡೀ ತಿರುವಿದ ಅದೇ ಪುಸ್ತಕ. ಮಕ್ಕಳು ಅದನ್ನು ಮೊದಲಿನಿಂದ ಕೊನೆಯವರೆಗೆ ಕಂಠಪಾಠ ಮಾಡಿದರು. ಕಣ್ಣು ಪುಟದ ಮೇಲೆ, ಮಾತು ನೆನಪಿನಿಂದ. ಚರಿತ್ರೆ, ಭೂಗೋಳಗಳಿಗೆ ಹಣವಿಲ್ಲವಾದುದರಿಂದ ಅವು ಹಲವು ಶಾಲೆಗಳಲ್ಲಿ ಬದಿಗೆ ಸರಿದವು. ವೃತ್ತಪತ್ರಿಕೆ ಓದುವ ಆರನೆಯ ಮಟ್ಟವೇ ಜೀವನಕ್ಕೆ ಬೇಕಾದ ಓದು. ಅಲ್ಲಿಯವರೆಗೆ ಏರಿದ ಮಕ್ಕಳಾದರೋ ಬಹು ಸ್ವಲ್ಪ.

1870ರ ಶಿಕ್ಷಣ ಶಾಸನದ ಬಳಿಕ ಸ್ಥಳೀಯ ತೆರಿಗೆಯ ಬಲವುಳ್ಳ ಬೋರ್ಡ್ ಶಾಲೆಗಳು ಹುಟ್ಟಿದವು. ಆ ತೆರಿಗೆಯ ಹಣ ನಮ್ಮವರ ಶಾಲೆಗಳಿಗೆ ಇರಲಿಲ್ಲ. ಆದುದರಿಂದ ಪರೀಕ್ಷೆಯ ಷಿಲಿಂಗುಗಳು ಅವುಗಳಿಗೆ ಇನ್ನೂ ಅನಿವಾರ್ಯವಾದವು. ಹೊಟ್ಟೆಗಿಲ್ಲದೆ, ಜ್ವರದಿಂದ, ಕೂಲಿಯ ಅಗತ್ಯದಿಂದ ಹಾಜರಿ ತಪ್ಪಿಸಿದ ಮಗುವಿನ ಶಾಲೆಗೇ ಹಣ ಕಡಿಮೆ ಬರುವುದು, ಎಲ್ಲಿ ಕೊರತೆ ಹೆಚ್ಚೋ ಅಲ್ಲಿಯೇ ಕಡಿತ ಹೆಚ್ಚಾಗುವುದು, ಇದು ಆ ಪದ್ಧತಿಯ ಕ್ರೂರ ವ್ಯಂಗ್ಯ. ವೆಸ್ಟ್‌ಮಿನ್‌ಸ್ಟರಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಮ್ಯಾನಿಂಗ್ ಅವರು ಬಡಮಕ್ಕಳ ಶಾಲೆಗಳೇ ಮೊದಲು ಎಂದು ನಿಶ್ಚಯಿಸಿ, ತಮ್ಮ ಕಾಲದಲ್ಲಿ ಪ್ರಧಾನಾಲಯದ ಕಟ್ಟಡಕ್ಕೆ ಕೈಹಾಕಲಿಲ್ಲ. ಅದರ ಕೆಲಸ ಆರಂಭವಾದುದು ಅವರ ನಿಧನದ ಮೂರು ವರ್ಷಗಳ ಬಳಿಕ, 1895ರಲ್ಲಿ. 1886ರಲ್ಲಿ ನೇಮಕವಾದ ಕ್ರಾಸ್ ಆಯೋಗದಲ್ಲಿ ಅವರೂ ಸದಸ್ಯರು. ಫಲಿತಾಂಶ ಪದ್ಧತಿಯನ್ನು ಬಹಳವಾಗಿ ಸಡಿಲಿಸಬೇಕೆಂದು ಆ ಆಯೋಗ 1888ರಲ್ಲಿ ಹೇಳಿತು. 1890ರ ಸಂಹಿತೆಯು ಓದು, ಬರಹ, ಲೆಕ್ಕಗಳಿಗೆ ತಲೆಯೆಣಿಸಿ ಹಣ ಕೊಡುವುದನ್ನು ನಿಲ್ಲಿಸಿತು; ಆ ದಶಕ ಮುಗಿಯುವುದರೊಳಗೆ ಪದ್ಧತಿಯೇ ಅಳಿಯಿತು.

ಈ ಗಾಳಿ ನಮ್ಮ ನಾಡಿಗೂ ಬೀಸದಿರಲಿಲ್ಲ. 1854ರ ವುಡ್ ಅವರ ನಿರೂಪದಿಂದ ಖಾಸಗಿ ಶಾಲೆಗಳಿಗೆ ಸಹಾಯಧನದ ಬಾಗಿಲು ತೆರೆದಿದ್ದಿತು. ಮುಂದಿನ ದಶಕದಲ್ಲಿ, ಧಾರವಾಡವನ್ನೂ ಉತ್ತರ ಕನ್ನಡವನ್ನೂ ಒಳಗೊಂಡ ಮುಂಬಯಿ ಪ್ರಾಂತ್ಯಕ್ಕೂ ದಕ್ಷಿಣ ಕನ್ನಡವನ್ನು ಒಳಗೊಂಡ ಮದರಾಸು ಪ್ರಾಂತ್ಯಕ್ಕೂ ಫಲಿತಾಂಶದ ಧನ ಬಂದಿತು. ಕೊನೆಗೆ ಲಾರ್ಡ್ ಕರ್ಜನ್ನರ ಕಾಲದಲ್ಲಿ, 1904ರ ಶಿಕ್ಷಣ ನಿರ್ಣಯದ ಮೂಲಕ ಭಾರತ ಸರ್ಕಾರ ಈ ಪದ್ಧತಿಯನ್ನು ತ್ಯಜಿಸಿತು.

ಹಾಗಾದರೆ ಪರೀಕ್ಷೆಯೇ ಬೇಡವೆಂದು ನಾವು ಹೇಳುತ್ತಿದ್ದೇವೆಯೇ? ಇಲ್ಲ. ತಕ್ಕಡಿ ಬೇಕು, ಆದರೆ ತೂಗಿದಷ್ಟಕ್ಕೆ ಕಾಳು ಬೆಳೆಯದು. ಮಕ್ಕಳನ್ನು ಪರೀಕ್ಷೆಗೆ ಅಣಿಗೊಳಿಸುವ ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಈ ಚರಿತ್ರೆ ಒಂದು ಸರಳ ಉಪಾಯವನ್ನು ಕಲಿಸುತ್ತದೆ: ಮಗುವಿನ ಕೈಗೆ ಅದು ಎಂದೂ ನೋಡದ ಪುಟವೊಂದನ್ನು ಕೊಡಿರಿ. ಮುಂದಿನ ಭಾನುವಾರದ ವಾಚನವಾಗಲಿ, ಬಂಧುಗಳ ಕಾಗದವಾಗಲಿ, ಅಂದಿನ ಪತ್ರಿಕೆಯಾಗಲಿ. ಓದಿಸಿರಿ, ಅರ್ಥವೇನೆಂದು ಕೇಳಿರಿ, ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆಯಲು ಹೇಳಿರಿ. ಅದು ಸಾಧ್ಯವಾದ ಮಗು ಯಾವ ಪರೀಕ್ಷೆಗೂ ಅಂಜಬೇಕಾಗಿಲ್ಲ. ಅದು ಸಾಧ್ಯವಾಗದ ಮಗುವಿನ ಅಂಕಪಟ್ಟಿಯಲ್ಲಿ ಎಷ್ಟೇ ಅಂಕಗಳಿದ್ದರೂ, ಅದಕ್ಕೆ ನಾವು ಸಲ್ಲಿಸಬೇಕಾದ ಸಾಲ ಇನ್ನೂ ಉಳಿದೇ ಇದೆ.